ಪೆಡಲ್ ತುಳಿದಾಗಲೆಲ್ಲ ಟಕ್ ಟಕ್: ಸೈಕಲ್ಲಿನ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು ಹೇಗೆ?

"ಸೈಕಲ್ ಚೆನ್ನಾಗೇ ಓಡುತ್ತೆ, ಆದರೆ ಪೆಡಲ್ ತುಳಿದಾಗ ಮಾತ್ರ ಟಕ್ ಅನ್ನುತ್ತೆ. ಅಂಗಡಿಯಲ್ಲಿ ಬಿ.ಬಿ. ಬದಲಾಯಿಸಿದರು, ಆದರೂ ಸದ್ದು ಹೋಗಲಿಲ್ಲ." ಓದುಗರಿಂದ ತಿರುತಿರುಗಿ ಬರುವ ದೂರು ಇದು. ಬಿ.ಬಿ. ಅಂದರೆ ಬಾಟಮ್ ಬ್ರಾಕೆಟ್, ಎರಡೂ ಪೆಡಲ್‌ಗಳ ನಡುವಿನ ಆಕ್ಸಲ್ ತಿರುಗುವ ಬೇರಿಂಗ್ ಜಾಗ. ಸದ್ದು ಅಲ್ಲಿಂದಲೇ ಬಂದಂತೆ ಕೇಳಿಸುವುದು ನಿಜ. ಆದರೆ ಸೈಕಲ್ ಫ್ರೇಮ್ ಎಂದರೆ ಟೊಳ್ಳು ಕೊಳವೆಗಳ ಜೋಡಣೆ. ತಂಬೂರಿಯ ತಂತಿ ಮೀಟಿದರೆ ಬುರುಡೆ ಮೊಳಗುವ ಹಾಗೆ, ಸೀಟಿನ ಕೆಳಗೆ ಹುಟ್ಟಿದ ಕಿರಕಿರ ಕಾಲಿನ ಬುಡದಲ್ಲಿ ಕೇಳಿಸುತ್ತದೆ. ಹಿಂದಿನ ಚಕ್ರದ ಸದ್ದೂ ಅಷ್ಟೇ. ಹಾಗಾಗಿ ಕಿವಿ ತೋರಿಸಿದ ಕಡೆಗೆ ಸ್ಪ್ಯಾನರ್ ಹಾಕಿದರೆ ದುಡ್ಡು ದಂಡ.

ಮೊದಲು ಸದ್ದಿನ ತಾಳ ಲೆಕ್ಕ ಹಾಕಬೇಕು. ಆಮೇಲೆ ಸುಲಭದ ಭಾಗದಿಂದ ಕಷ್ಟದ ಭಾಗಕ್ಕೆ ಹೋಗಬೇಕು, ಒಂದು ಸಲಕ್ಕೆ ಒಂದನ್ನು ಮಾತ್ರ ಮುಟ್ಟಬೇಕು. ಒಂದೇ ಭಾನುವಾರ ಪೆಡಲ್, ಸೀಟು, ಚೈನ್ ಮೂರನ್ನೂ ಬಿಚ್ಚಿ ಕಟ್ಟಿದರೆ ಸದ್ದು ಹೋಗಬಹುದು, ಯಾವುದರಿಂದ ಹೋಯಿತು ಎಂದು ಮಾತ್ರ ಗೊತ್ತಾಗುವುದಿಲ್ಲ. ಮುಂದಿನ ಮಳೆಗಾಲಕ್ಕೆ ಅದೇ ಸದ್ದು ಬಂದಾಗ ಮತ್ತೆ ಮೂರನ್ನೂ ಬಿಚ್ಚಬೇಕಾಗುತ್ತದೆ.

ಏನೇನು ಬೇಕು

15 ಮಿ.ಮೀ. ಸ್ಪ್ಯಾನರ್ (ಪೆಡಲ್ ಸಂದಿಯಲ್ಲಿ ಕೂರುವಷ್ಟು ತೆಳುವಾಗಿರಲಿ), 4, 5, 6 ಮತ್ತು 8 ಮಿ.ಮೀ. ಅಲೆನ್ ಕೀಗಳು (ಆರು ಮೂಲೆಯ ಗುಣಿಯಿರುವ ಬೋಲ್ಟಿಗೆ ಹಾಕುವ ಎಲ್ ಆಕಾರದ ಕಡ್ಡಿ), ಒಂದು ಉದ್ದ ಸ್ಕ್ರೂಡ್ರೈವರ್, ಗ್ರೀಸ್, ಚೈನ್ ಎಣ್ಣೆ, ಹಳೆ ಬನಿಯನ್ ಬಟ್ಟೆ, ಸೀಮೆಸುಣ್ಣ ಮತ್ತು ಮಕ್ಕಳ ಒಂದಡಿ ಸ್ಕೇಲು. ಕಾಟರ್ ಪಿನ್ ಇರುವ ಹಳೆ ಮಾದರಿಯ ಕಪ್ಪು ಸೈಕಲ್ಲಾದರೆ ಸುತ್ತಿಗೆ ಮತ್ತು ಒಂದು ಗಟ್ಟಿ ಮರದ ತುಂಡೂ ಇರಲಿ. ಇವಲ್ಲದೆ ವಾಹನ ಕಡಿಮೆಯಿರುವ, ಸ್ವಲ್ಪ ಏರು ಇರುವ ಇನ್ನೂರು ಮೀಟರ್ ರಸ್ತೆ ಬೇಕು. ಏರಿನಲ್ಲಿ ತುಳಿತದ ಭಾರ ಹೆಚ್ಚುವುದರಿಂದ ಸದ್ದು ಚೆನ್ನಾಗಿ ಕೇಳುತ್ತದೆ. ಸ್ಟ್ಯಾಂಡ್ ಹಾಕಿ ಕೈಯಲ್ಲಿ ಪೆಡಲ್ ತಿರುಗಿಸಿ "ಈಗ ಸದ್ದೇ ಇಲ್ಲವಲ್ಲ" ಎಂದುಕೊಳ್ಳಬೇಡಿ. ಮೈಭಾರ ಬೀಳದೆ ಇಂಥ ಸದ್ದು ಬಹುತೇಕ ಬರುವುದೇ ಇಲ್ಲ.

1. ಸದ್ದು ಯಾವಾಗ ಬರುತ್ತದೆ?

ಏರಿನ ರಸ್ತೆಯಲ್ಲಿ ಇವನ್ನು ಒಂದೊಂದಾಗಿ ಮಾಡಿ ನೋಡಿ.

ಓಡುತ್ತಿರುವಾಗ ತುಳಿಯುವುದನ್ನು ನಿಲ್ಲಿಸಿ. ಸದ್ದು ಮುಂದುವರಿದರೆ ಚಕ್ರ, ಬ್ರೇಕ್ ಅಥವಾ ಮಡ್‌ಗಾರ್ಡ್ ಕಡೆ ನೋಡಬೇಕು, ನೇರ 7ನೇ ಹಂತಕ್ಕೆ ಹೋಗಿ. (ತುಳಿಯದೆ ಬಿಟ್ಟಾಗ ಹಿಂದಿನಿಂದ ಬರುವ ಟಿಕಿಟಿಕಿ ಫ್ರೀವೀಲಿನದು. ಒಳಗಿನ ಪುಟ್ಟ ಕೊಕ್ಕೆಗಳು ಹಲ್ಲಿನ ಮೇಲೆ ಜಾರುವ ಸದ್ದು ಅದು, ದೋಷವಲ್ಲ.)

ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ಮಾಯವಾದರೆ ಸೀಟು ಅಥವಾ ಸೀಟಿನ ಕಂಬ. ನಿಂತಾಗ ಇನ್ನೂ ಜೋರಾದರೆ ಪೆಡಲ್, ಕ್ರ್ಯಾಂಕ್ (ಪೆಡಲ್ ಹಿಡಿದಿರುವ ಉದ್ದ ತೋಳು), ಹ್ಯಾಂಡಲ್ ಅಥವಾ ಸ್ಪೋಕ್.

ಒಂದು ಕಾಲಿನಿಂದ ಮಾತ್ರ ಒತ್ತಿ, ಇನ್ನೊಂದನ್ನು ಸುಮ್ಮನೆ ಪೆಡಲ್ ಮೇಲೆ ಇಟ್ಟುಕೊಳ್ಳಿ. ಬಲಗಾಲು ಒತ್ತಿದಾಗ ಮಾತ್ರ ಟಕ್ ಎಂದರೆ ಬಲಗಡೆಯ ಪೆಡಲ್, ಕ್ರ್ಯಾಂಕ್‌ಗಳಿಂದ ಶುರುಮಾಡಿ.

ಇನ್ನು ನಿಂತಲ್ಲೇ ಮಾಡುವ ಪರೀಕ್ಷೆ. ಪೆಡಲ್‌ಗಳನ್ನು ನೆಲಕ್ಕೆ ಸಮವಾಗಿ ಇಟ್ಟು, ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು, ಮುಂದಿನ ಪೆಡಲ್ ಮೇಲೆ ಕಾಲಿಟ್ಟು ಭಾರ ಬಿಟ್ಟು ತೆಗೆಯಿರಿ. ಕ್ರ್ಯಾಂಕ್ ಅರ್ಧ ಸುತ್ತು ತಿರುಗಿಸಿ ಇನ್ನೊಂದು ಕಾಲಿನಿಂದಲೂ ಹಾಗೇ ಮಾಡಿ. ಇನ್ನೊಬ್ಬರು ಪೆಡಲ್ ಬುಡ, ಸೀಟಿನ ಕಂಬ, ಹಿಂದಿನ ಆಕ್ಸಲ್ ನಟ್ಟುಗಳ ಮೇಲೆ ಬೆರಳಿಟ್ಟು ನೋಡಲಿ. ಇಂಥ ಕಡೆ ಕಿವಿಗಿಂತ ಬೆರಳ ತುದಿಯನ್ನು ನಂಬಬಹುದು, ಸದ್ದು ಹುಟ್ಟುವ ಜಾಗದಲ್ಲಿ ಅದುರು ಚುರುಕಾಗಿ ಮುಟ್ಟುತ್ತದೆ. ಸ್ಕ್ರೂಡ್ರೈವರಿನ ತುದಿಯನ್ನು ಭಾಗಕ್ಕೆ ತಾಗಿಸಿ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿದರೆ ವೈದ್ಯರ ಸ್ಟೆತೊಸ್ಕೋಪಿನ ಕೆಲಸ ಮಾಡುತ್ತದೆ. ಚಕ್ರ, ಚೈನು ತಿರುಗುತ್ತಿರುವಾಗ ಮಾತ್ರ ಇದನ್ನು ಮಾಡಬೇಡಿ.

2. ತಾಳ ಎಣಿಸಿ

ಬಲ ಪೆಡಲ್ ಕೆಳಕ್ಕೆ ಬಂದಾಗಲೆಲ್ಲ "ಒಂದು" ಎನ್ನುತ್ತಾ ಹೋಗಿ, ಸದ್ದು ಅದಕ್ಕೆ ಹೊಂದುತ್ತದೆಯೇ ನೋಡಿ.

ಪೆಡಲ್ಲಿನ ಒಂದು ಸುತ್ತಿಗೆ ಒಂದೇ ಸಲ, ಅದೂ ಒಂದೇ ಜಾಗದಲ್ಲಿ ಬಂದರೆ ಪೆಡಲ್, ಕ್ರ್ಯಾಂಕ್, ಮುಂದಿನ ಹಲ್ಲಿನ ಚಕ್ರದ ಬೋಲ್ಟು, ಬಿ.ಬಿ., ಸೀಟು ಎಲ್ಲವೂ ಅನುಮಾನದ ಪಟ್ಟಿಯಲ್ಲಿ ಇರುತ್ತವೆ. ಎರಡು ಸಲ ಬಂದರೂ ಪಟ್ಟಿ ಇದೇ.

ಎರಡು ಮೂರು ಸುತ್ತಿಗೆ ಒಮ್ಮೆ ಬಂದರೆ ಚೈನು. ಅರ್ಧ ಇಂಚಿನ ಒಂದೊಂದು ಕೊಂಡಿ ಎಂದು ಲೆಕ್ಕ ಹಾಕಿದರೆ, 116 ಕೊಂಡಿಯ ಚೈನು 42 ಹಲ್ಲಿನ ಚಕ್ರದ ಮೇಲೆ ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ಪೆಡಲ್ ಎರಡೂ ಮುಕ್ಕಾಲು ಸುತ್ತು ಹಾಕಿರುತ್ತದೆ. ಬಿಗಿಯಾದ ಒಂದು ಕೊಂಡಿ ಅಷ್ಟಷ್ಟು ಹೊತ್ತಿಗೆ ಒಮ್ಮೆ ತಗುಲುತ್ತದೆ.

ಪೆಡಲ್ಲಿಗಿಂತ ವೇಗದ ತಾಳವಾದರೆ ಚಕ್ರ. ಮುಂದೆ 44, ಹಿಂದೆ 18 ಹಲ್ಲಿದ್ದರೆ ಪೆಡಲ್ ಒಂದು ಸುತ್ತಿಗೆ ಹಿಂದಿನ ಚಕ್ರ ಹೆಚ್ಚೂಕಡಿಮೆ ಎರಡೂವರೆ ಸುತ್ತು ತಿರುಗುತ್ತದೆ. ಗೇರ್ ಸೈಕಲ್ಲಿನಲ್ಲಿ ಇನ್ನೊಂದು ಸುಲಭ ಉಪಾಯವಿದೆ. ಪೆಡಲ್ ವೇಗ ಬದಲಿಸದೆ ಗೇರ್ ಮಾತ್ರ ಬದಲಿಸಿ. ತಾಳ ಪೆಡಲ್ ಜೊತೆಗೇ ಉಳಿದರೆ ದೋಷ ಮುಂದೆ, ಚಕ್ರದ ಜೊತೆ ಹೋದರೆ ಹಿಂದೆ.

ತಾಳವೇ ಇಲ್ಲದೆ ಹಕ್ಕಿಮರಿಗಳ ಹಾಗೆ ಒಂದೇ ಸಮ ಚಿಂವ್‌ಚಿಂವ್ ಎಂದರೆ ಚೈನು ಒಣಗಿದೆ, ಅಷ್ಟೇ. 6ನೇ ಹಂತಕ್ಕೆ ಹೋಗಿ.

3. ಖರ್ಚಿಲ್ಲದವನ್ನು ಮೊದಲು ನೋಡಿ

ನಗು ಬರುವಂಥ ಕಾರಣಗಳು ಇವು, ಆದರೂ ಬಿಡಬೇಡಿ. ಶೂ ಲೇಸಿನ ತುದಿ ಕ್ರ್ಯಾಂಕಿಗೆ ಬಡಿಯುತ್ತಿರಬಹುದು. ಮುಂದಿನ ಗೇರಿನ ಕೇಬಲ್ ತುದಿ ಹೊರಚಾಚಿಕೊಂಡು ಪ್ರತಿ ಸುತ್ತಿಗೂ ಕ್ರ್ಯಾಂಕಿಗೆ ತಾಗುತ್ತಿರಬಹುದು, ಬೆರಳಿನಿಂದ ಬಾಗಿಸಿದರೆ ಮುಗಿಯಿತು. ಚೈನ್ ಕವರ್ ಒಳಕ್ಕೆ ನುಗ್ಗಿದ್ದರೆ ಕ್ರ್ಯಾಂಕ್ ಅಥವಾ ಚೈನು ಅದನ್ನು ಸವರುತ್ತದೆ. ಕವರಿನ ಒಳಮೈಯಲ್ಲಿ ಬಣ್ಣ ಹೋಗಿ ಹೊಳೆಯುವ ಗೆರೆ ಇದ್ದರೆ ಅದೇ ಸಾಕ್ಷಿ. ಸೈಡ್ ಸ್ಟ್ಯಾಂಡ್, ಕ್ಯಾರಿಯರ್, ಬಾಟಲಿ ಹಿಡಿಕೆ, ಬೀಗ, ಬೆಲ್ಲು ಒಂದೊಂದನ್ನೂ ಕೈಯಲ್ಲಿ ಅಲ್ಲಾಡಿಸಿ.

4. ಪೆಡಲ್, ಆಮೇಲೆ ಸೀಟು

ಪೆಡಲ್ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಹಾಕಿದರೆ ಎಷ್ಟೋ ಸದ್ದುಗಳು ಅಲ್ಲಿಗೇ ಮುಗಿಯುತ್ತವೆ. ಪೆಡಲ್ ಆಕ್ಸಲಿನ ಥ್ರೆಡ್ ಒಣಗಿದ್ದರೆ ಲೋಹಕ್ಕೆ ಲೋಹ ಉಜ್ಜಿ ಕಿರ್ ಎನ್ನುತ್ತದೆ.

ಎಡ ಪೆಡಲ್ಲಿನ ಥ್ರೆಡ್ ತಿರುವು ಮುರುವು. ನೆನಪಿಡಲು ಸುಲಭದ ಸೂತ್ರ: ಸ್ಪ್ಯಾನರ್ ಮೇಲ್ಮುಖವಾಗಿ ಇಟ್ಟುಕೊಂಡರೆ, ಎರಡೂ ಕಡೆ ಸೈಕಲ್ಲಿನ ಹಿಂಬದಿಗೆ ಎಳೆದರೆ ಸಡಿಲ, ಮುಂಬದಿಗೆ ಎಳೆದರೆ ಬಿಗಿ. 15ರ ಸ್ಪ್ಯಾನರಿಗೆ ಜಾಗವಿಲ್ಲದಿದ್ದರೆ ಆಕ್ಸಲಿನ ಒಳತುದಿಯಲ್ಲಿ 6 ಅಥವಾ 8ರ ಅಲೆನ್ ಕೀ ಗುಣಿ ಇರುತ್ತದೆ, ಅಲ್ಲೂ ದಿಕ್ಕು ಇದೇ. ಪೆಡಲ್ ಮೇಲೆ ಎಡ, ಬಲದ ಗುರುತು ಇರುತ್ತದೆ, ಅದಲುಬದಲು ಮಾಡಬೇಡಿ. ಮತ್ತೆ ಹಾಕುವಾಗ ಮೊದಲ ಮೂರು ನಾಲ್ಕು ಸುತ್ತು ಬರಿ ಬೆರಳಿನಲ್ಲೇ ಹೋಗಬೇಕು. ಓರೆಯಾಗಿ ಕೂತ ಪೆಡಲ್ಲನ್ನು ಸ್ಪ್ಯಾನರಿನಿಂದ ಒತ್ತಾಯಿಸಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಥ್ರೆಡ್ ಹರಿದುಹೋಗುತ್ತದೆ. ಪೆಡಲ್ ಉಳಿಯುತ್ತದೆ, ಕ್ರ್ಯಾಂಕ್ ಗುಜರಿಗೆ ಹೋಗುತ್ತದೆ.

ಬಿಗಿ ಎಷ್ಟಿರಬೇಕು? 35ರಿಂದ 40 ನ್ಯೂಟನ್ ಮೀಟರ್. ಈ ಅಳತೆಯ ಅರ್ಥ ಇಷ್ಟೇ: 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ 20 ಕೆ.ಜಿ. ತೂಗುಹಾಕಿದರೆ ಬೀಳುವ ತಿರುಚು ಬಲ ಹೆಚ್ಚುಕಡಿಮೆ 40 ನ್ಯೂಟನ್ ಮೀಟರ್. ಕೈ ಬಿಗಿಯಿಂದ ಗಟ್ಟಿಯಾಗಿ ಒಂದು ಎಳೆತ ಅನ್ನಿ. ಪೈಪ್ ಸಿಕ್ಕಿಸಿ ಎಳೆಯುವ ಕೆಲಸವಲ್ಲ.

ಪೆಡಲ್ ಕೈಯಲ್ಲಿರುವಾಗಲೇ ಅದರ ಆಕ್ಸಲ್ ತಿರುಗಿಸಿ ನೋಡಿ. ಗರಗರ ಎಂದರೆ ಒಳಗೆ ಮರಳು ಸೇರಿದೆ, ಲಟಲಟ ಅಲ್ಲಾಡಿದರೆ ಕೋನ್ (ಬೇರಿಂಗಿನ ಗುಂಡುಗಳನ್ನು ಒತ್ತಿ ಹಿಡಿಯುವ ನಟ್ಟು) ಸಡಿಲವಾಗಿದೆ. ಕಡಿಮೆ ಬೆಲೆಯ ಪೆಡಲ್ಲಾದರೆ ರಿಪೇರಿಗಿಂತ ಹೊಸದೇ ವಾಸಿ. ಇನ್ನೊಂದು ಸೈಕಲ್ಲಿನ ಪೆಡಲ್ ಒಂದು ದಿನಕ್ಕೆ ಎರವಲು ಸಿಕ್ಕರೆ ಬಿಚ್ಚಿ ನೋಡುವ ಶ್ರಮವೂ ಉಳಿಯುತ್ತದೆ.

ಸೀಟಿನ ಕೆಲಸ ಬೇಗ ಮುಗಿಯುತ್ತದೆ. ಕಂಬದ ಎತ್ತರವನ್ನು ಟೇಪ್ ಸುತ್ತಿ ಗುರುತು ಮಾಡಿ, ಹೊರಗೆಳೆದು, ಕಂಬವನ್ನೂ ಕೊಳವೆಯ ಒಳಮೈಯನ್ನೂ ಒರೆಸಿ ತೆಳ್ಳಗೆ ಗ್ರೀಸ್ ಸವರಿ. ಮಲೆನಾಡು, ಕರಾವಳಿಯ ಮಳೆಯಲ್ಲಿ ಓಡುವ ಸೈಕಲ್ಲುಗಳಲ್ಲಿ ಈ ಕೊಳವೆಯೊಳಗೆ ನೀರಿಳಿದು ತುಕ್ಕು ಕೂತಿರುವುದು ಮಾಮೂಲು. ಕಾರ್ಬನ್ ಕಂಬಕ್ಕೆ ಗ್ರೀಸ್ ಬೇಡ, ಅದಕ್ಕೆಂದೇ ಸಿಗುವ ಮರಳುಮರಳಾದ ಪೇಸ್ಟ್ ಹಚ್ಚಬೇಕು. ಕಂಬದ ಮೇಲಿನ ಕನಿಷ್ಠ ಆಳದ ಗೆರೆ ಹೊರಗೆ ಕಾಣದಂತೆ ಇಳಿಸಿ. ಸೀಟಿನ ಕೆಳಗಿನ ಎರಡು ಸರಳುಗಳನ್ನು ಹಿಡಿದ ಕ್ಲ್ಯಾಂಪ್ ಬಿಚ್ಚಿ ಒರೆಸಿ ಬಿಗಿ ಮಾಡಿ. ಸ್ಪ್ರಿಂಗ್ ಸೀಟಾದರೆ ಸ್ಪ್ರಿಂಗ್ ಕೂತಿರುವ ಎರಡೂ ತುದಿಗೆ ಒಂದೊಂದು ತೊಟ್ಟು ಎಣ್ಣೆ ಸಾಕು.

5. ಕ್ರ್ಯಾಂಕ್

ನಿಮ್ಮ ಸೈಕಲ್ಲಿನಲ್ಲಿ ಯಾವ ಬಗೆಯದಿದೆ ಎಂಬುದರ ಮೇಲೆ ಕೆಲಸ ನಿಂತಿದೆ.

ಕಾಟರ್ ಪಿನ್ ಇರುವುದು: ಹಾಲಿನ ಕ್ಯಾನ್, ಗ್ಯಾಸ್ ಸಿಲಿಂಡರ್ ಹೊರುವ ಗಟ್ಟಿ ಸೈಕಲ್ಲುಗಳಲ್ಲಿ ಕಾಣುವ ಬಗೆ. ಕ್ರ್ಯಾಂಕಿಗೆ ಅಡ್ಡಲಾಗಿ ತೂರಿದ, ಒಂದು ಮೈ ಚಪ್ಪಟೆಯಾದ ಬೆಣೆಯೇ ಕಾಟರ್ ಪಿನ್. ಇದು ಸಡಿಲವಾದರೆ ತುಳಿತ ಶುರುವಾಗುವಾಗ ಟಕ್ ಎಂದು ಒದೆತ ಕಾಲಿಗೇ ತಿಳಿಯುತ್ತದೆ. ಎಲ್ಲರೂ ಮಾಡುವ ತಪ್ಪು, ನಟ್ಟನ್ನು ತಿರುಗಿಸಿ ತಿರುಗಿಸಿ ಪಿನ್ನನ್ನು ಒಳಕ್ಕೆ ಎಳೆಯಲು ಹೋಗುವುದು. ಪಿನ್ನಿನ ಸಣ್ಣ ಥ್ರೆಡ್ಡಿಗೆ ಅಷ್ಟು ಶಕ್ತಿಯಿಲ್ಲ, ಹರಿದುಹೋಗುತ್ತದೆ. ಪಿನ್ನನ್ನು ಕೂರಿಸಬೇಕಾದದ್ದು ಸುತ್ತಿಗೆ, ನಟ್ಟಿನ ಕೆಲಸ ಅದನ್ನು ಹಾಗೇ ಹಿಡಿದಿಡುವುದಷ್ಟೇ. ಪಿನ್ನಿನ ದಪ್ಪ ತುದಿ ಮೇಲೆ ಬರುವ ಹಾಗೆ ಕ್ರ್ಯಾಂಕ್ ನಿಲ್ಲಿಸಿ, ನೆಲದಿಂದ ಕ್ರ್ಯಾಂಕಿನ ಬುಡಕ್ಕೆ ಮರದ ತುಂಡು ಆನಿಸಿ. ಪಿನ್ನಿನ ಥ್ರೆಡ್ ತುದಿ ಮರಕ್ಕೆ ತಾಗದಿರಲಿ. ಎರಡು ಮೂರು ಏಟು ಹಾಕಿ ನಟ್ಟು ಬಿಗಿ ಮಾಡಿ. ಕೆಳಗೆ ಆಸರೆ ಕೊಡದೆ ಹೊಡೆದರೆ ಏಟೆಲ್ಲ ಬಿ.ಬಿ.ಯ ಗುಂಡುಗಳ ಮೇಲೆ ಬಿದ್ದು ಅವು ಕೂರುವ ಬಟ್ಟಲಿನಂಥ ಕಪ್‌ನಲ್ಲಿ ಕುಳಿ ಬೀಳುತ್ತದೆ, ಆಗ ಹೊಸ ಸದ್ದು ನೀವೇ ತಂದುಕೊಂಡಂತೆ. ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಏಟು ಹಾಕಿ ಬಿಗಿ ಮಾಡುವುದು ಕಡ್ಡಾಯ. ಚಪ್ಪಟೆ ಮೈಯಲ್ಲಿ ಮೆಟ್ಟಿಲಿನಂತೆ ತಗ್ಗು ಬಿದ್ದಿದ್ದರೆ ಪಿನ್ ಬದಲಿಸಿ. ಹೊಸ ಪಿನ್‌ಗಳನ್ನು ಎರಡೂ ಕಡೆ ಒಂದೇ ದಿಕ್ಕಿನಿಂದ ತೂರಿಸಿದರೆ ಪೆಡಲ್‌ಗಳು ಒಂದೇ ನೇರಕ್ಕೆ ನಿಲ್ಲುವುದಿಲ್ಲ. ಬಲ ಕ್ರ್ಯಾಂಕ್ ಮುಂದಿದ್ದಾಗ ಅದರ ನಟ್ಟು ಮೇಲಿದ್ದರೆ, ಎಡ ಕ್ರ್ಯಾಂಕ್ ಮುಂದೆ ಬಂದಾಗ ಅದರ ನಟ್ಟೂ ಮೇಲೇ ಇರಬೇಕು.

ಚೌಕ ಆಕ್ಸಲ್ ಇರುವುದು: ಸಾಧಾರಣ ಗೇರ್ ಸೈಕಲ್ಲುಗಳಲ್ಲಿ ಇದೇ ಹೆಚ್ಚು. ಪ್ಲಾಸ್ಟಿಕ್ ಮುಚ್ಚಳದ ಒಳಗೆ 14ರ ನಟ್ಟು ಅಥವಾ 8ರ ಅಲೆನ್ ಬೋಲ್ಟ್ ಇರುತ್ತದೆ. ಬಿಗಿ ಪೆಡಲ್ಲಿನಷ್ಟೇ. ಎಡ ಕ್ರ್ಯಾಂಕ್ ಸ್ವಲ್ಪ ಅಲ್ಲಾಡುತ್ತಿದೆ ಎಂದು ಗೊತ್ತಾದ ಮೇಲೂ "ನಾಳೆ ನೋಡೋಣ" ಎಂದು ಓಡಿಸಬೇಡಿ. ಉಕ್ಕಿನ ಆಕ್ಸಲ್ ಮೆತ್ತನೆಯ ಅಲ್ಯೂಮಿನಿಯಂ ತೂತನ್ನು ಕೊರೆದು ದುಂಡಗೆ ಮಾಡಿಬಿಡುತ್ತದೆ. ಒಮ್ಮೆ ಹಾಗಾದರೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ.

ಟೊಳ್ಳು ದಪ್ಪ ಆಕ್ಸಲ್ ಇರುವುದು: ಎಡ ಕ್ರ್ಯಾಂಕಿನ ಬುಡದಲ್ಲಿ 5ರ ಅಲೆನ್ ಕೀಯ ಎರಡು ಬೋಲ್ಟ್, ನಡುವೆ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಬೋಲ್ಟ್‌ಗಳನ್ನು ಸಡಿಲ ಮಾಡಿ, ಮುಚ್ಚಳವನ್ನು ಕೈಬಿಗಿಯಷ್ಟೇ ತಿರುಗಿಸಿ, ಆಮೇಲೆ ಎರಡೂ ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವಾಗಿ 12ರಿಂದ 14 ನ್ಯೂಟನ್ ಮೀಟರಿಗೆ ತನ್ನಿ. ಮುಚ್ಚಳವನ್ನು ಅತಿಯಾಗಿ ಬಿಗಿದರೆ ಬೇರಿಂಗ್ ಬೇಗ ಹಾಳು.

ಮುಂದಿನ ಹಲ್ಲಿನ ಚಕ್ರವನ್ನು ಹಿಡಿದ ನಾಲ್ಕೈದು ಸಣ್ಣ ಬೋಲ್ಟ್‌ಗಳನ್ನೂ ಇದೇ ಹೊತ್ತಿಗೆ ನೋಡಿ. ಒಂದು ಸಡಿಲವಿದ್ದರೂ ಬಿ.ಬಿ. ಹೋದಂತೆಯೇ ಕಟಕಟ ಎನ್ನುತ್ತದೆ.

6. ಚೈನು

ಪೆಡಲ್ಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸುತ್ತ ಚೈನು ಹಿಂದಿನ ಹಲ್ಲುಗಳಿಂದ ಬಿಟ್ಟುಬರುವ ಜಾಗವನ್ನೇ ನೋಡುತ್ತಿರಿ. ಬಿಗಿ ಕೊಂಡಿ ಬಂದಾಗ ಚೈನು ನೇರವಾಗದೆ ಮಡಚಿಕೊಂಡೇ ಇರುತ್ತದೆ, ಗೇರ್ ಸೈಕಲ್ಲಾದರೆ ಹಿಂದಿನ ಡಿರೇಲರ್ (ಗೇರ್ ಬದಲಿಸುವ ತೋಳು) ಜಿಗಿಯುತ್ತದೆ. ಆ ಕೊಂಡಿಯ ಎರಡೂ ಕಡೆ ಹಿಡಿದು ಅಡ್ಡಡ್ಡಕ್ಕೆ ಮೆಲ್ಲಗೆ ಬಾಗಿಸಿ, ಒಂದು ತೊಟ್ಟು ಎಣ್ಣೆ ಬಿಡಿ.

ಸವೆತ ನೋಡಲು ಒಂದಡಿ ಸ್ಕೇಲು ಸಾಕು. ಹೊಸ ಚೈನಿನಲ್ಲಿ 24 ಕೊಂಡಿ ಸರಿಯಾಗಿ 12 ಇಂಚು. ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟು 12ರ ಬಳಿ ಪಿನ್ ಎಲ್ಲಿದೆ ನೋಡಿ. ಒಂದೂವರೆ ಮಿ.ಮೀ. ಮುಂದಿದ್ದರೆ ಬದಲಿಸುವ ಸಮಯ ಹತ್ತಿರ ಬಂತು. ಮೂರು ಮಿ.ಮೀ. ಮುಂದಿದ್ದರೆ ಚೈನಿನ ಜೊತೆ ಹಿಂದಿನ ಹಲ್ಲುಗಳೂ ಸವೆದಿವೆ. ಚೈನು ಮಾತ್ರ ಹೊಸದು ಹಾಕಿದರೆ ಅದು ಹಲ್ಲಿನ ಮೇಲೆ ಜಾರಿ ಇನ್ನೂ ದೊಡ್ಡ ಸದ್ದು ಮಾಡುತ್ತದೆ. ಒಂದೇ ಗೇರಿನ ಸೈಕಲ್ಲಿನಲ್ಲಿ ಚೈನು ನಡುಭಾಗದಲ್ಲಿ ಮೇಲೆ ಕೆಳಗೆ ಅರ್ಧ ಇಂಚಿನಷ್ಟು ಆಡಬೇಕು. ಅದಕ್ಕಿಂತ ಸಡಿಲವಾದರೆ ಕವರಿಗೆ ಬಡಿಯುತ್ತದೆ, ಬಿಗಿಯಾದರೆ ಗುರುಗುಟ್ಟುತ್ತದೆ.

ಎಣ್ಣೆಯ ವಿಷಯದಲ್ಲಿ ತಪ್ಪುಗಳೇ ಹೆಚ್ಚು. ಕೊಬ್ಬರಿ ಎಣ್ಣೆ ಬೇಡ. 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ, ಡಿಸೆಂಬರ್ ಬೆಳಗ್ಗೆ ನಿಮ್ಮ ಬಚ್ಚಲ ಮನೆಯ ಬಾಟಲಿ ನೋಡಿದರೆ ಗೊತ್ತಾಗುತ್ತದೆ. ಬೈಕಿನಿಂದ ತೆಗೆದ ಕರಿ ಆಯಿಲ್‌ನಲ್ಲಿ ಲೋಹದ ಪುಡಿ ಇರುತ್ತದೆ. ಗ್ರೀಸನ್ನು ಚೈನಿನ ಮೇಲೆ ಬಳಿದರೆ ಒಳಗೆ ಇಳಿಯದೆ ಹೊರಗೆ ಕೂತು ಧೂಳು ಹಿಡಿದು ಅರೆಯುವ ಹಿಟ್ಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತುರ್ತಿಗೆ ಸರಿ, ಆದರೆ ತೆಳುವಾದ್ದರಿಂದ ಬಹಳ ದಿನ ನಿಲ್ಲುವುದಿಲ್ಲ. ಚೈನು ಒರೆಸಿ, ಒಳಬದಿಯಿಂದ ಪ್ರತಿ ರೋಲರಿಗೆ ಒಂದು ತೊಟ್ಟು ಬಿಟ್ಟು, ಪೆಡಲ್ ಹತ್ತು ಇಪ್ಪತ್ತು ಸುತ್ತು ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಕೆಲಸ ಮಾಡುವ ಎಣ್ಣೆ ಒಳಗಿರುತ್ತದೆ. ರಿಮ್ ಮತ್ತು ಡಿಸ್ಕ್ ಮೇಲೆ ಒಂದು ಹನಿಯೂ ಬೀಳಬಾರದು, ಬ್ರೇಕ್ ಹಿಡಿಯುವುದಿಲ್ಲ.

7. ಹಿಂದಿನ ಚಕ್ರ

ಆಕ್ಸಲ್ ನಟ್ಟು ಬಿಗಿ ಇದೆಯೇ ನೋಡಿ. ಸ್ಪ್ಯಾನರ್ ಬೇಡದ ಕ್ವಿಕ್ ರಿಲೀಸ್ ಲಿವರ್ ಆದರೆ, ಮುಚ್ಚುವಾಗ ಅಂಗೈಯಲ್ಲಿ ಅಚ್ಚು ಬೀಳುವಷ್ಟು ಬಿಗಿಯಿರಬೇಕು. ಆಕ್ಸಲ್ ಕೂರುವ ಫ್ರೇಮಿನ ಸೀಳಿನಲ್ಲಿ ಮಣ್ಣಿದ್ದರೆ ಒರೆಸಿ. ಡಿರೇಲರ್ ತೂಗುವ ತುಂಡನ್ನು ಫ್ರೇಮಿಗೆ ಹಿಡಿದ ಸಣ್ಣ ಬೋಲ್ಟನ್ನೂ ಬಿಚ್ಚಿ, ಒರೆಸಿ, ಹಾಕಿ; ಈ ಮೂಲೆಯನ್ನು ಬಹಳ ಮಂದಿ ನೋಡುವುದೇ ಇಲ್ಲ.

ಟಿಂಗ್ ಎನ್ನುವ ತೆಳು ಸದ್ದಾದರೆ ಸ್ಪೋಕ್. ಅಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ಒಟ್ಟಿಗೆ ಹಿಂಡುತ್ತ ಚಕ್ರದ ಸುತ್ತ ಹೋಗಿ, ಸಡಿಲವಾದದ್ದು ಕೈಗೇ ಸಿಗುತ್ತದೆ. ಕಡ್ಡಿಗಳು ಒಂದರ ಮೇಲೊಂದು ಹಾಯುವ ಕಡೆ ಅರ್ಧ ತೊಟ್ಟು ಎಣ್ಣೆ ಬಿಟ್ಟು ಒರೆಸಿದರೆ ಉಜ್ಜುವ ಸದ್ದು ನಿಲ್ಲುತ್ತದೆ. ರಿಮ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದಾಗ ಲಟಲಟ ಎಂದರೆ ಹಬ್ಬಿನ (ಚಕ್ರದ ನಡುಭಾಗ) ಕೋನ್ ಸಡಿಲ. ಚಕ್ರಕ್ಕೆ ಬ್ರೇಕ್ ಅಥವಾ ಮಡ್‌ಗಾರ್ಡ್ ಸವರುತ್ತಿದ್ದರೆ ಟಯರಿಗೆ ಸೀಮೆಸುಣ್ಣದ ಗುರುತು ಹಾಕಿ ತಿರುಗಿಸಿ, ಪ್ರತಿ ಸಲ ಅದೇ ಜಾಗದಲ್ಲಿ ತಾಗಿದರೆ ರಿಮ್ ಡೊಂಕು.

8. ಹ್ಯಾಂಡಲ್

ನಿಂತು ತುಳಿಯುವಾಗ ಹ್ಯಾಂಡಲ್ಲನ್ನು ಗೊತ್ತಿಲ್ಲದೆ ಎಳೆಯುತ್ತಿರುತ್ತೇವೆ. ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ನೂಕಿ. ಟಕ್ ಎಂದರೆ ಹ್ಯಾಂಡಲ್ ಬುಡದ ಬೇರಿಂಗ್. ಚಕ್ರವನ್ನು ಕಾಲುಗಳ ನಡುವೆ ಸಿಕ್ಕಿಸಿ ಹ್ಯಾಂಡಲ್ ತಿರುಚಿದಾಗ ಕಿರ್ ಎಂದರೆ ಸ್ಟೆಮ್ (ಹ್ಯಾಂಡಲ್ಲನ್ನು ಹಿಡಿದಿರುವ ತುಂಡು) ಬೋಲ್ಟ್.

9. ಕೊನೆಗೆ ಬಿ.ಬಿ.

ಇಷ್ಟೆಲ್ಲ ಆದ ಮೇಲೇ ಇದರ ಸರದಿ. ಎರಡೂ ಕ್ರ್ಯಾಂಕ್ ಹಿಡಿದು ಅಡ್ಡಡ್ಡಕ್ಕೆ ಅಲ್ಲಾಡಿಸಿ. ಒಂದು ಮಾತ್ರ ಅಲ್ಲಾಡಿದರೆ ಅದು ಕ್ರ್ಯಾಂಕಿನ ದೋಷ, 5ಕ್ಕೆ ವಾಪಸ್ ಹೋಗಿ. ಎರಡೂ ಒಟ್ಟಿಗೆ ಅಲ್ಲಾಡಿದರೆ ಬಿ.ಬಿ. ಚೈನನ್ನು ಮುಂದಿನ ಹಲ್ಲಿನಿಂದ ಇಳಿಸಿ ಕ್ರ್ಯಾಂಕ್ ತಿರುಗಿಸಿ, ಮರಳು ಅರೆದಂತೆ ಕೈಗೆ ತಿಳಿದರೆ ಬೇರಿಂಗ್ ಕೆಟ್ಟಿದೆ.

ಹಳೆಯ ಬಗೆಯಲ್ಲಿ ಬಿಡಿ ಗುಂಡುಗಳಿರುತ್ತವೆ, ಸಾಮಾನ್ಯವಾಗಿ ಕಾಲು ಇಂಚಿನವು, ಒಂದೊಂದು ಕಡೆಗೆ 11. ಒಂದು ಒಡೆದಿದ್ದರೂ ಅಷ್ಟನ್ನೂ ಬದಲಿಸಿ. ಎಡ ಕಪ್ಪನ್ನು ಅಲುಗಾಟ ಹೋಗುವಷ್ಟು ತಿರುಗಿಸಿ, ಕೂದಲೆಳೆ ಹಿಂದಕ್ಕೆ ಬಿಟ್ಟು, ಕಪ್ ಕದಲದಂತೆ ಹಿಡಿದು ಹೊರಗಿನ ರಿಂಗ್ ಬಿಗಿ ಮಾಡಬೇಕು. ಪೂರ್ತಿ ಮುಚ್ಚಿದ ಡಬ್ಬಿಯಂಥ ಬಿ.ಬಿ.ಯಾದರೆ ಕೂಡಲೇ ಹೊಸದು ತರಬೇಡಿ. ಹೊರತೆಗೆದು, ಥ್ರೆಡ್ ಒರೆಸಿ, ಧಾರಾಳವಾಗಿ ಗ್ರೀಸ್ ಹಚ್ಚಿ ಮತ್ತೆ ಹಾಕಿ ನೋಡಿ. ಸದ್ದು ಬೇರಿಂಗಿನದಲ್ಲ, ಒಣ ಥ್ರೆಡ್ಡಿನದು ಎಂದು ಎಷ್ಟೋ ಸಲ ಆಗ ಗೊತ್ತಾಗುತ್ತದೆ. ಇಂಗ್ಲಿಷ್ ಥ್ರೆಡ್ ಇರುವ ಫ್ರೇಮಿನಲ್ಲಿ ಬಲಗಡೆಯ ಕಪ್ ತಿರುವು ಮುರುವು, ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಿಗಿ. ಥ್ರೆಡ್ಡೇ ಇಲ್ಲದೆ ಒತ್ತಿ ಕೂರಿಸಿದ ಪ್ರೆಸ್‌ಫಿಟ್ ಬಗೆಗೆ ಮನೆಯಲ್ಲಿ ಸುತ್ತಿಗೆ ಎತ್ತಬೇಡಿ, ಅದಕ್ಕೆ ಸರಿಯಾದ ಪ್ರೆಸ್ ಬೇಕು.

10. ಇಷ್ಟಾದರೂ ಸದ್ದು ಹೋಗದಿದ್ದರೆ

ಫ್ರೇಮನ್ನು ತೊಳೆದು ಹಗಲು ಬೆಳಕಿನಲ್ಲಿ ನೋಡಿ: ಬಿ.ಬಿ. ಸುತ್ತಲಿನ ಬೆಸುಗೆ, ಸೀಟಿನ ಕಂಬದ ಕೆಳಗಿನ ಸೀಳಿನ ತುದಿ, ಹಿಂದಿನ ಆಕ್ಸಲ್ ಕೂರುವ ಜಾಗ. ಬಣ್ಣದಲ್ಲಿ ಕೂದಲಿನಂಥ ಗೆರೆ, ಅದರಿಂದ ಒಸರಿದ ತುಕ್ಕು ಕಂಡರೆ ಬಿರುಕೆಂದೇ ತಿಳಿಯಿರಿ, ಸೈಕಲ್ ಹತ್ತಬೇಡಿ. ಉಕ್ಕಿನ ಫ್ರೇಮಿಗೆ ಕೈಪಳಗಿದವರು ಬೆಸುಗೆ ಹಾಕಬಲ್ಲರು. ಅಲ್ಯೂಮಿನಿಯಂ ಫ್ರೇಮನ್ನು ಗೇಟು ಕಿಟಕಿ ಬೆಸೆಯುವ ಅಂಗಡಿಗೆ ಒಯ್ಯಬೇಡಿ, ಬೆಸೆದ ಜಾಗದ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ.

ಬಿರುಕೂ ಇಲ್ಲವೆಂದಾದರೆ ಅಂಗಡಿಗೆ ಕೊಂಡೊಯ್ಯಿರಿ. "ಸದ್ದು ಬರುತ್ತೆ, ನೋಡಿ" ಎಂದಷ್ಟೇ ಹೇಳಿ ಬಿಟ್ಟು ಬರಬೇಡಿ. ಫೋನಿನಲ್ಲಿ ಏರು ರಸ್ತೆಯ ಸದ್ದು ರೆಕಾರ್ಡ್ ಮಾಡಿಕೊಂಡು ಹೋಗಿ. "ಕೂತು ಬಲಗಾಲು ಒತ್ತಿದಾಗ, ಪೆಡಲ್ಲಿನ ಒಂದು ಸುತ್ತಿಗೆ ಒಮ್ಮೆ. ಪೆಡಲ್ಲಿಗೂ ಸೀಟಿಗೂ ಗ್ರೀಸ್ ಹಾಕಿದ್ದಾಗಿದೆ, ಚೈನು 12 ಇಂಚಿಗೆ ಸರಿಯಾಗಿದೆ" ಎಂದು ಚೀಟಿಯಲ್ಲಿ ಬರೆದು ಕೊಡಿ. ರಿಪೇರಿ ಆದ ಮೇಲೆ ಮೆಕ್ಯಾನಿಕ್ಕನ್ನೇ ಹತ್ತಿಸಿ, ಅಂಗಡಿ ಮುಂದಿನ ರಸ್ತೆಯಲ್ಲಿ ಎದ್ದು ನಿಂತು ತುಳಿಯಲು ಹೇಳಿ, ನೀವು ಪಕ್ಕದಲ್ಲಿ ನಿಂತು ಕೇಳಿ, ಆಮೇಲೆ ದುಡ್ಡು ಕೊಡಿ.